ಪರದೆ ಯಾರ ಕಡೆಗೆ ತಿರುಗಿತ್ತು

ಮನೋರೋಗ ವಿಭಾಗದ ಸಮಾಜ ಕಾರ್ಯಕರ್ತೆಯಾಗಿ ನಾನು ಬದುಕಿಡೀ ಮಾಡಿದ ಕೆಲಸವೆಂದರೆ ಪ್ರಶ್ನೆ ಕೇಳುವುದು. ಔಷಧಿ ಬರೆಯುವವರು ಡಾಕ್ಟರು. ಅದಕ್ಕೂ ಮೊದಲು ರೋಗಿಯ ಎದುರು ಕುಳಿತು, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮನೆಯವರು ಹೇಗಿದ್ದಾರೆ ಎಂದು ಕೇಳಿ ತಿಳಿದುಕೊಳ್ಳುವವಳು ನಾನು. ಎಪ್ಪತ್ತರ ದಶಕದ ಕೊನೆಯಲ್ಲಿ ಗುಲಬರ್ಗಾದ ಒಂದು ವೈದ್ಯಕೀಯ ಕಾಲೇಜಿಗೆ ಸೇರಿದೆ. ವಿದ್ಯಾರ್ಥಿಗಳನ್ನು ಜೀಪಿನಲ್ಲಿ ತುಂಬಿಕೊಂಡು ಆಳಂದ, ಅಫಜಲಪುರ, ಜೇವರ್ಗಿಯ ಆಸ್ಪತ್ರೆಗಳಲ್ಲಿ ಶಿಬಿರ ಮಾಡುವುದು ನನ್ನ ಪಾಲಿಗೆ ಬಂತು. ಯಾವಾಗ ಬಡ್ತಿ ಸಿಕ್ಕಿತು, ಯಾರು ಕೊಡಲಿಲ್ಲ ಎಂಬ ಕಥೆ ಇಲ್ಲಿ ಬೇಡ. ಈಗ ಡಾಕ್ಟರಾಗಲು ಬರುತ್ತಿರುವ ಮಕ್ಕಳ ಮೊಬೈಲಿನಲ್ಲೇ ಮನಸ್ಸನ್ನು ಅಳೆಯುವ ಆ್ಯಪುಗಳಿವೆ. ಅಂಥದ್ದೊಂದು ಯಂತ್ರವನ್ನು ನಾವು ಮೊದಲ ಸಲ ವಿದ್ಯಾರ್ಥಿಗಳಿಗೆ ತೋರಿಸಿದ ದಿನ ಏನಾಯಿತು ಎಂಬುದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ಆ ದಿನ ಆದ ಆಘಾತ ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅದಕ್ಕೆ ಮೊದಲು ಯಂತ್ರವಿಲ್ಲದ ಕಾಲದ ಮಾತು ಒಂದಿಷ್ಟು ಹೇಳಬೇಕು.

ಆಗ ಪ್ರಶ್ನೆಗಳು ಕಾಗದದಲ್ಲಿ ಅಚ್ಚಾಗಿ ಬರುತ್ತಿದ್ದವು. ಯಾರೋ ದೂರದಲ್ಲಿ ಕುಳಿತು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನೆಗಳು. ಜೇವರ್ಗಿಯ ನನ್ನ ಮೊದಲ ಶಿಬಿರದಲ್ಲಿ ಒಬ್ಬ ಮುದುಕ ರೈತನಿಗೆ ಅದರಲ್ಲಿದ್ದಂತೆಯೇ ಓದಿ ಕೇಳಿದೆ. "ನಿಮಗೆ ಜೀವನದಲ್ಲಿ ನಿರಾಸಕ್ತಿ ಉಂಟಾಗುತ್ತಿದೆಯೇ?"

ಅವನು ರುಮಾಲು ಸರಿಮಾಡಿಕೊಂಡು, "ಉಂಟಾಗ್ಲಿ ಬಿಡ್ರಿ ಬಾಯಾರ, ನಮ್ದೇನು ತಕರಾರಿಲ್ಲ" ಅಂದ.

ಇನ್ನೊಂದು ಸಲ ಅದೇ ಜೇವರ್ಗಿಯಲ್ಲಿ ಒಬ್ಬ ವಿದ್ಯಾರ್ಥಿ ಕಾಗದಗಳನ್ನು ಹಿಡಿದುಕೊಂಡು ಬಿಳಿಚಿಕೊಂಡ ಮುಖದಲ್ಲಿ ನನ್ನ ಬಳಿ ಬಂದ. "ಮೇಡಮ್, ಇಲ್ಲಿ ಬಂದವರಿಗೆಲ್ಲ ಖಿನ್ನತೆ ಇದೆ. ಒಬ್ಬರೂ ಬಿಟ್ಟಿಲ್ಲ." ನೋಡಿದರೆ ಹೌದು, ಎಲ್ಲ ಪ್ರಶ್ನೆಗೂ ಎಲ್ಲರ ಉತ್ತರ 'ಹೌದು'. ನನಗೆ ಅನುಮಾನ ಬಂತು. ಸಾಲಿನ ಕೊನೆಗೆ ಕುಳಿತಿದ್ದ ಒಬ್ಬ ಅಜ್ಜಿಯ ಹತ್ತಿರ ಅವನನ್ನು ಕರೆದುಕೊಂಡು ಹೋಗಿ, "ಯವ್ವಾ, ನಿನ್ನಿ ನೀವು ಮುಂಬೈಗಿ ಹೋಗಿದ್ರೇನು?" ಎಂದು ಕೇಳಿದೆ.

"ಹೌದ್ರಿ" ಅಂದಳು.

"ಖರೇ ಹೋಗಿದ್ರಿ?"

"ಇಲ್ರಿ. ನಾ ಎಲ್ಲಿ ಮುಂಬೈ ನೋಡ್ಲಿ? ಇಷ್ಟು ಓದಿದೋರು ಮುಂದ ಕುಂತು ಕೇಳಾಕತ್ತೀರಿ, ಇಲ್ಲ ಅಂತ ಹೆಂಗ ಅನ್ಲಿ?"

ಆ ಹುಡುಗ ನಗಲಿಲ್ಲ. ಆ ಕಾಗದಗಳನ್ನು ನಂಬಿ ಅವರಿಗೆಲ್ಲ ಮಾತ್ರೆ ಕೊಡಲು ಹೊರಟಿದ್ದೆನಲ್ಲ ಎಂಬ ಗಾಬರಿ ಅವನ ಮುಖದಲ್ಲಿತ್ತು. ನನಗೂ ಅದೇ ಗಾಬರಿ.

ಆದರೆ ಇದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಹೆಣ್ಣುಮಕ್ಕಳು ಒಬ್ಬೊಬ್ಬರೇ ಬರುತ್ತಿರಲಿಲ್ಲ. ಅತ್ತೆ, ಗಂಡ, ಮೈದುನ ಯಾರಾದರೂ ಜೊತೆಗಿರುತ್ತಿದ್ದರು. ನಾನು ಸೊಸೆಗೆ ಕೇಳಿದರೆ ಉತ್ತರ ಬರುತ್ತಿದ್ದುದು ಅತ್ತೆಯ ಬಾಯಿಂದ. "ನಿದ್ದಿ ಛಲೋ ಮಾಡ್ತಾಳ್ರಿ. ಉಣ್ತಾಳ್ರಿ. ಏನೂ ಚಿಂತಿ ಇಲ್ರಿ." ಜರಾ ಹೊರಗಿರಿ ಎಂದರೆ ಹೊರಗೆ ಹೋಗಿ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದರು. ಅಷ್ಟು ವರ್ಷ ಕೆಲಸ ಮಾಡಿದರೂ ಈ ಮೂರು ತಾಲೂಕುಗಳಲ್ಲಿ ಒಬ್ಬ ಸೊಸೆಯ ಮನಸ್ಸಿನ ಮಾತನ್ನು ಮೊದಲ ಭೇಟಿಯಲ್ಲಿ ಕೇಳಿದ ನೆನಪು ನನಗಿಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ವಿಭಾಗಕ್ಕೆ ಮುಖ್ಯಸ್ಥರಾಗಿ ಡಾಕ್ಟರ್ ಪಟವಾರಿ ಬಂದರು. ಎತ್ತರದ ಆಳು, ದೊಡ್ಡ ದನಿ. ಪಾಠ ಹೇಳಲು ನಿಂತರೆ ವರಾಂಡದಲ್ಲಿ ಹೋಗುವವರೂ ನಿಂತು ಕೇಳಬೇಕು, ಹಾಗೆ ಹೇಳುತ್ತಿದ್ದರು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿ, ಹಳ್ಳಿಯಿಂದ ಬಂದ ಮಕ್ಕಳಿಗೂ ತಿಳಿಯಲಿ ಎಂದು ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳುವುದು ಅವರ ರೂಢಿ. ಅದಕ್ಕಾಗಿ ವಿದ್ಯಾರ್ಥಿಗಳಿಗೆ ಅವರೆಂದರೆ ಪ್ರೀತಿ. ನನಗೂ ಅವರ ಮೇಲೆ ಗೌರವವಿತ್ತು, ಈಗಲೂ ಇದೆ.

ಕಂಪ್ಯೂಟರ್ ತಂದವರು ಅವರು. ಎಂಜಿನಿಯರಿಂಗ್ ಕಾಲೇಜಿನ ಗೆಳೆಯರೊಬ್ಬರಿಂದ ಅದಕ್ಕೊಂದು ಪ್ರೋಗ್ರಾಂ ಬರೆಸಿದ್ದರು. ಒಂದು ದಿನ ನನ್ನನ್ನು ಕರೆದು ಹೇಳಿದರು: "ಬಾಯಾರ, ಓದಾಕ ಬರದವರಿಗೆ ಕಾಗದ ಯಾಕ? ಪ್ರಶ್ನೆ ಕಿವ್ಯಾಗ ಕೇಳಿಸ್ಬೇಕು. ನಿಮ್ಮ ದನಿಲೇ, ನಿಮ್ಮ ಊರ ಮಾತಿಲೇ." ನಾನು ಆಳಂದದವಳು. ನಮ್ಮಮ್ಮ ಪಕ್ಕದ ಮನೆಯವಳಿಗೆ ಹೇಗೆ ಕೇಳುತ್ತಿದ್ದಳೋ ಹಾಗೆ ಪ್ರಶ್ನೆಗಳನ್ನು ಬರೆದುಕೊಂಡೆ. 'ಮುಂಜಾನಿ ಎದ್ದಕೂಡ್ಲೇ ಯಾಕರೇ ಬೆಳಗಾತೋ ಅನಸ್ತದೇನು?' 'ಮನ್ಯಾಗ ಯಾರರೇ ಕೈ ಮಾಡ್ತಾರೇನು?' ಅವುಗಳನ್ನು ನನ್ನ ದನಿಯಲ್ಲೇ ತುಂಬಿಸಿದೆವು. ಕೇಳುವವರು ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಫೋನ್ ಹಾಕಿಕೊಳ್ಳಬೇಕು. ಕೀಲಿಮಣೆಯ ಎರಡು ಗುಂಡಿಗಳಿಗೆ ಬಣ್ಣದ ಕಾಗದ ಅಂಟಿಸಿದ್ದೆವು. ಹೌದಾದರೆ ಹಸಿರು, ಇಲ್ಲವಾದರೆ ಕೆಂಪು. ಕೊನೆಗೆ ನಾನೇ ಒಂದು ಮಾತು ಸೇರಿಸಿದೆ: 'ಮುಗೀತು ತಂಗಿ. ನೀ ಹೇಳಿದ್ದು ನನ್ನ ಹತ್ರಾನ ಇರ್ತದ.'

ಅಫಜಲಪುರದಲ್ಲಿ ಅದನ್ನು ಮೊದಲು ಪರೀಕ್ಷೆ ಮಾಡಿದೆವು. ಕಂಪ್ಯೂಟರನ್ನು ಗಾದಿಯಲ್ಲಿ ಸುತ್ತಿ ಜೀಪಿನಲ್ಲಿ ಒಯ್ದಿದ್ದೆವು. ಕರೆಂಟಿನ ಭರವಸೆ ಇಲ್ಲದ್ದರಿಂದ ಜನರೇಟರ್ ಬೇರೆ. ಮೊದಲು ಕುಳಿತ ಸೊಸೆಯ ಹಿಂದೆ ಎಂದಿನಂತೆ ಅತ್ತೆ ನಿಂತಳು. ಸೊಸೆ ಇಯರ್‌ಫೋನ್ ಹಾಕಿಕೊಂಡಳು. ಪ್ರಶ್ನೆ ಆಕೆಗೆ ಮಾತ್ರ ಕೇಳಿಸುತ್ತಿತ್ತು. ಆಕೆಯ ಬೆರಳು ಒಮ್ಮೆ ಹಸಿರಿಗೆ, ಒಮ್ಮೆ ಕೆಂಪಿಗೆ ಹೋಗುತ್ತಿತ್ತು. ಅತ್ತೆಗೆ ಏನು ಕೇಳುತ್ತಿದ್ದಾರೆಂದೇ ತಿಳಿಯದು, ಇನ್ನು ಉತ್ತರ ಹೇಳುವುದೆಲ್ಲಿ. ನಾನು ಗೋಡೆಗೆ ಒರಗಿ ನೋಡುತ್ತ ನಿಂತುಬಿಟ್ಟೆ. ಅಷ್ಟು ವರ್ಷ ಬಾಗಿಲು ಹಾಕಿ, ಬೈದು, ಬೇಡಿಕೊಂಡು ನನಗೆ ಮಾಡಲಾಗದ್ದನ್ನು ಒಂದು ತಂತಿ ಎಲ್ಲರ ಕಣ್ಣೆದುರೇ ಮಾಡುತ್ತಿತ್ತು.

ಆಮೇಲೆ ಆ ಅತ್ತೆಯೇ ಬಂದು, "ನನಗೂ ಹಚ್ರಿ" ಅಂದಳು. ಹಚ್ಚಿದೆ. ಪ್ರಶ್ನೆಗಳು ಮುಗಿದರೂ ಆಕೆ ಇಯರ್‌ಫೋನ್ ತೆಗೆಯಲಿಲ್ಲ. "ಮುಗೀತು ಯವ್ವಾ" ಎಂದು ಭುಜ ಮುಟ್ಟಿದೆ. "ಇನ್ನೂ ಜರಾ ಕೇಳು ಅನ್ರಿ ಆಕಿಗಿ. ಇಷ್ಟು ನನಗ ಯಾರೂ ಕೇಳಿಲ್ಲ" ಅಂದಳು. ಪಟವಾರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಗುಲಬರ್ಗಾಕ್ಕೆ ವಾಪಸಾಗುವಾಗ ದಾರಿಯುದ್ದಕ್ಕೂ ಅವರದು ಒಂದೇ ಮಾತು: ಇದನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕು, ಕೂಡಲೇ ತೋರಿಸಬೇಕು.

ತೋರಿಸಿದ್ದು ಆಳಂದದಲ್ಲಿ.

ಆಸ್ಪತ್ರೆಯ ದೊಡ್ಡ ಕೋಣೆಯಲ್ಲಿ ಬೆಂಚು ಹಾಕಿ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕೂರಿಸಿದ್ದೆವು. ಅವರೆದುರು ಮೇಜು, ಮೇಜಿನ ಮೇಲೆ ಕಂಪ್ಯೂಟರ್. ವಿದ್ಯಾರ್ಥಿಗಳು ನೋಡಿ ಕಲಿಯಲಿ ಎಂದು ಪಟವಾರಿಯವರು ಪರದೆಯನ್ನು ಅವರ ಕಡೆಗೆ ತಿರುಗಿಸಿದ್ದರು. ರೋಗಿ ಮೇಜಿನ ಈಚೆ ಕೂರಬೇಕು, ಆಕೆಗೆ ಕೀಲಿಮಣೆ ಮಾತ್ರ ಕಾಣುತ್ತದೆ. ಈ ಏರ್ಪಾಟಿನಲ್ಲಿ ತಪ್ಪಿದೆ ಎಂದು ಆ ಕೋಣೆಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ರೋಗಿಯನ್ನು ಕಸ್ತೂರಿ ಎಂದು ಕರೆಯುತ್ತೇನೆ. ಅದು ಆಕೆಯ ಹೆಸರಲ್ಲ. ಗಂಡನ ಮನೆ ಮಾದನಹಿಪ್ಪರಗಾ, ತವರು ಜೇವರ್ಗಿ ಕಡೆಯ ಅಂದೋಲಾ ಎಂದಿಟ್ಟುಕೊಳ್ಳೋಣ. ಪಂಚಮಿ ಹಬ್ಬದಿಂದ ಆಕೆಯ ಮಾತು ನಿಂತಿತ್ತು. ಗಂಟಲಿನ ಡಾಕ್ಟರು ನೋಡಿ ಏನೂ ದೋಷವಿಲ್ಲ ಎಂದು ನಮ್ಮಲ್ಲಿಗೆ ಕಳಿಸಿದ್ದರು. ಹಸಿರು ಸೀರೆ ಉಟ್ಟು, ಸೆರಗು ಹೊದ್ದು, ನೆಲ ನೋಡುತ್ತ ಬಂದಳು. ಅತ್ತೆ ಮತ್ತು ಗಂಡ ಗೋಡೆಯ ಪಕ್ಕ ನಿಂತರು. ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಕೈಕಟ್ಟಿ ನಿಂತಿದ್ದ. ನಾನು ಕಸ್ತೂರಿಯ ಕಿವಿಗೆ ಇಯರ್‌ಫೋನ್ ಹಾಕಿ, ಎರಡು ಗುಂಡಿಗಳನ್ನು ತೋರಿಸಿದೆ.

ಆಕೆ ಮೊದಲ ಪ್ರಶ್ನೆಗೆ ತುಂಬ ಹೊತ್ತು ತೆಗೆದುಕೊಂಡಳು. ಆಮೇಲೆ ಬೆರಳು ಸರಾಗವಾಯಿತು. ಪರದೆಯ ಮೇಲೆ ಪ್ರಶ್ನೆ, ಉತ್ತರ ಎರಡೂ ಇಂಗ್ಲಿಷಿನಲ್ಲಿ ಮೂಡುತ್ತಿದ್ದವು. ವಿದ್ಯಾರ್ಥಿಗಳು ಮೊದಲು ಗುಸುಗುಸು ಮಾಡುತ್ತಿದ್ದರು. ನಡುವೆ ಒಂದು ಕಡೆ ಕೆಲವರು ಪರದೆಯ ಕಡೆಗೆ ಬಾಗಿದರು. ಮುಂದಿನ ಸಾಲಿನಲ್ಲಿದ್ದ ನಸೀಮಾ ಎಂಬ ಹುಡುಗಿ ಕೈಯನ್ನು ಬಾಯಿಗೆ ಒತ್ತಿಕೊಂಡಳು. ನಾನು ಮೇಜಿನ ಈಚೆ ಇದ್ದೆ, ಪರದೆ ನನಗೆ ಕಾಣುತ್ತಿರಲಿಲ್ಲ. ಹುಡುಗಿಯ ಮುಖ ನೋಡಿಯೇ ಅಲ್ಲಿ ಏನು ಮೂಡಿದೆಯೆಂದು ಊಹಿಸಿದೆ.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಸರ್, ಇಲ್ಲಿಗೆ ಸರಿಯಾಗಿ ಕಾಣಿಸ್ತಿಲ್ಲ" ಅಂದ.

ಪಟವಾರಿಯವರು ಪಾಠದ ಹುಮ್ಮಸ್ಸಿನಲ್ಲಿದ್ದರು. ಪರದೆಯ ಕಡೆಗೆ ಬಾಗಿ, ಎಂದಿನಂತೆ ಇಂಗ್ಲಿಷಿನಲ್ಲಿ ಓದಿ, ಎಂದಿನಂತೆ ಅದನ್ನೇ ಕನ್ನಡದಲ್ಲಿ, ಎಂದಿನ ದೊಡ್ಡ ದನಿಯಲ್ಲಿ ಹೇಳಿದರು. "ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ? ಹೌದು. ಗಂಡನೇ? ಹೌದು. ಅತ್ತೆಯೂ? ಹೌದು. ಬದುಕು ಸಾಕು ಎನಿಸಿದೆಯೇ? ಹೌದು. ನೋಡಿ, ಎಷ್ಟು ದಿನದಿಂದ ಮಾತೇ ಆಡದವಳು ಇದಿಷ್ಟನ್ನೂ ಯಂತ್ರಕ್ಕೆ..."

ಅಷ್ಟರಲ್ಲಿ ಅವರಿಗೂ ತಿಳಿಯಿತು.

ಕಸ್ತೂರಿಯ ಕಿವಿಯಲ್ಲಿ ಇಯರ್‌ಫೋನ್ ಇನ್ನೂ ಇತ್ತು. ಡಾಕ್ಟರ ಮಾತು ಆಕೆಗೆ ಕೇಳಿಸಿರಲಿಲ್ಲ. ಆಗ ಆಕೆಗೆ ಕೇಳಿಸುತ್ತಿದ್ದುದು ನನ್ನ ದನಿ. 'ನೀ ಹೇಳಿದ್ದು ನನ್ನ ಹತ್ರಾನ ಇರ್ತದ' ಎಂಬ ಆ ಕೊನೆಯ ಮಾತು ಯಾವ ಗಳಿಗೆಯಲ್ಲಿ ಬರುತ್ತದೆಂದು ನನಗೆ ಗೊತ್ತಿತ್ತು. ಆಕೆಯ ತುಟಿಯ ಅಂಚಿನಲ್ಲಿ ಕಂಡೂ ಕಾಣದಂಥ ಒಂದು ನಗೆ ಬಂದದ್ದನ್ನು ನೋಡಿದೆ. ಇಯರ್‌ಫೋನ್ ತೆಗೆದು ತಲೆಯೆತ್ತಿದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದರು. ಆಕೆ ತಿರುಗಿ ಗಂಡನ ಮುಖ ನೋಡಿದಳು. ಏನು ನಡೆಯಿತೆಂದು ಆಕೆಗೆ ಯಾರೂ ಹೇಳಬೇಕಾಗಲಿಲ್ಲ.

ಅತ್ತೆ ಕೂಗಾಡಲಿಲ್ಲ. ಡಾಕ್ಟರ ಕಡೆಗೆ ಕೈ ಮುಗಿದು, "ನಮ್ಮ ಮನೀ ಮಾತು ಸಾಳ್ಯಾಗ ಪಾಠ ಓದಿದಂಗ ಓದಿದ್ರಿ. ಛಲೋ ಆತ್ರಿ" ಅಂದಳು. ಗಂಡ ಬಂದು ಕಸ್ತೂರಿಯ ರಟ್ಟೆ ಹಿಡಿದ. ಪಟವಾರಿಯವರು ಅಡ್ಡ ಹೋಗಿ, "ತಡೀರಿ, ಆಕಿನ್ನ ಇವತ್ತು ಇಲ್ಲೇ ಬಿಟ್ಟು ಹೋಗ್ರಿ, ಔಷಧ ಕೊಡೋದದ" ಅಂದರು. "ಸಾಕ್ರಿ ಸಾಹೇಬ್ರ, ಕೊಟ್ಟಿದ್ದು ಸಾಕು" ಎಂದು ಅವನು ಆಕೆಯನ್ನು ಎಳೆದುಕೊಂಡು ಹೊರಟ. ಮೂವರೂ ಗೇಟು ದಾಟಿದರು. ಕಂಪ್ಯೂಟರ್ ಆರಿಸಿ, ತಂತಿ ಸುತ್ತಿ, ಗಾದಿಯಲ್ಲಿ ಕಟ್ಟುವುದರಲ್ಲಿ ನಮಗೆ ಅರ್ಧ ಗಂಟೆ ಹೋಯಿತು.

ನಸೀಮಾ ಎದ್ದು ನಿಂತಳು. "ಸರ್, ಬದುಕು ಸಾಕು ಅಂದಾಕಿನ್ನ ಅದೇ ಮನೀಗಿ ಕಳಿಸಿದ್ವಲ್ಲ."

ಯಾರಾದರೂ ಹೇಳಬೇಕಿದ್ದ ಮಾತು ಅದು. ಪಟವಾರಿಯವರು ಜೀಪಿನ ಚಾವಿ ತೆಗೆದುಕೊಂಡರು. ನಾನು, ನಸೀಮಾ ಹಿಂದೆ ಓಡಿದೆವು. ಗೇಟಿನಲ್ಲೇ ಕಸ್ತೂರಿಯ ಗಂಡ ಎದುರು ಸಿಕ್ಕ. ಒಬ್ಬನೇ ಬರುತ್ತಿದ್ದ, ಬಿಳಿ ಅಂಗಿ ಬೆವರಿನಿಂದ ತೊಯ್ದಿತ್ತು. "ಇಲ್ಲಿಗಿ ಬಂದಾಳೇನ್ರಿ ಆಕಿ?" ಎಂದು ಕೇಳಿದ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಕೈ ಬಿಡಿಸಿಕೊಂಡು ಹೋದವಳು ಮತ್ತೆ ಕಾಣಿಸಿರಲಿಲ್ಲ.

ಬಸ್ ಸ್ಟ್ಯಾಂಡ್ ದೂರವೇನಲ್ಲ. ಆದರೆ ಆ ದಾರಿಯಲ್ಲಿ ನಾನು ಏನೇನು ಕಲ್ಪಿಸಿಕೊಂಡೆ ಎಂದು ಬರೆಯಲು ಈಗಲೂ ಕೈ ಬರುವುದಿಲ್ಲ. ನಾವು ನಾಲ್ವರೂ ಒಂದೊಂದು ದಿಕ್ಕಿಗೆ ಹುಡುಕಿದೆವು. ಮಾದನಹಿಪ್ಪರಗಾದ ಬಸ್ಸಿನಲ್ಲಿ ಅತ್ತೆ ಒಬ್ಬಳೇ ಕುಳಿತು ಕಿಟಕಿಯಿಂದ ನೋಡುತ್ತಿದ್ದಳು. ಕೊನೆಗೆ ಬಾಳೆಹಣ್ಣು ಮಾರುವ ಒಬ್ಬ ಹೆಂಗಸನ್ನು ಕೇಳಿದೆ. "ಹಸಿರು ಸೀರಿ ಉಟ್ಟಾಕಿ, ಮಾತಾಡಂಗಿಲ್ಲ..."

"ಹಸಿರು ಸೀರಿಯಾಕಿ ಬಂದಿದ್ಳಲ್ರಿ" ಅಂದಳು ಆಕೆ. "ಮಾತಾಡಂಗಿಲ್ಲ ಅಂತ ಯಾರಂದ್ರು? ಗುಲಬರ್ಗಾದ ಬಸ್ ಯಾವುದು ಅಂತ ನನಗೇ ಕೇಳಿದ್ಳು. ತೋರಿಸ್ದೆ. ಹತ್ತಿ ಹೋದ್ಳು."

ನನ್ನ ಹಿಂದೆಯೇ ಗಂಡ ನಿಂತಿದ್ದ. "ಕೈಸನ್ನಿ ಮಾಡಿ ಕೇಳಿದ್ಳೇನು?" ಎಂದ.

"ಕೈ ಯಾಕ ಮಾಡ್ತಾಳ? ಬಾಯಿಲೇ ಕೇಳಿದ್ಳು."

ಅವನು ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. "ನನ್ನ ಜೋಡಿ ಪಂಚಮಿಯಿಂದ ಒಂದ ಮಾತು ಆಡಿಲ್ಲ" ಎಂದು ಯಾರಿಗೋ ಹೇಳುವಂತೆ ಹೇಳಿದ. ಆ ಗಳಿಗೆಯಲ್ಲಿ ಅವನ ಮೇಲೆ ನನಗೆ ಸಿಟ್ಟೂ ಬರಲಿಲ್ಲ, ಕನಿಕರವೂ ಬರಲಿಲ್ಲ. ಆಕೆ ಬದುಕಿದ್ದಾಳೆ, ತಾನೇ ದಾರಿ ಕೇಳಿಕೊಂಡು ಹೋಗಿದ್ದಾಳೆ ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಗುಲಬರ್ಗಾದಿಂದ ಜೇವರ್ಗಿ, ಜೇವರ್ಗಿಯಿಂದ ಅಂದೋಲಾ. ತವರಿಗೇ ಹೋಗಿರಬೇಕು ಅಂದೆ. ಪಟವಾರಿಯವರು ಜೇವರ್ಗಿ ಆಸ್ಪತ್ರೆಗೆ ಫೋನ್ ಮಾಡಿ, ಅಂದೋಲಾದ ನರ್ಸಮ್ಮನಿಗೆ ಆ ಮನೆಯ ಕಡೆ ಕಣ್ಣಿಡಲು ಹೇಳಿ ಕಳಿಸಿದರು. ಸಂಜೆಯ ಹೊತ್ತಿಗೆ ಉತ್ತರ ಬಂತು. ಕಸ್ತೂರಿ ತಾಯಿಯ ಮನೆ ಮುಟ್ಟಿದ್ದಳು.

ಮರುದಿನ ಮುಂಜಾನೆ ಪಟವಾರಿಯವರು, ನಸೀಮಾ, ನಾನು ಮೂವರೂ ಅಂದೋಲಾಕ್ಕೆ ಹೋದೆವು. ಕಸ್ತೂರಿಯ ತಾಯಿ ನಮ್ಮನ್ನು ಒಳಗೆ ಕರೆದಳು. ಕಸ್ತೂರಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ನಮ್ಮನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ. ಪಟವಾರಿಯವರು ಅಷ್ಟು ಎತ್ತರದ ಆಳು ಬಗ್ಗಿ ನೆಲಕ್ಕೆ ಕುಳಿತು, ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ, "ತಪ್ಪಾತವ್ವಾ" ಅಂದರು. "ನೀ ಹೇಳಿದ್ದನ್ನ ಮಂದಿ ಮುಂದ ಓದಬಾರದಾಗಿತ್ತು."

ಕಸ್ತೂರಿ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಬಾಯಿ ತೆರೆದಳು. ಒಡಕು ದನಿ, ಬಹಳ ದಿನ ತೆಗೆಯದ ಬಾಗಿಲು ತೆಗೆದಂತೆ. "ನಾ ಆ ಪೆಟಗಿಗಿ ಹೇಳಿದ್ದೆ. ನಿಮಗ ಹೇಳಿದ್ದಿಲ್ಲ."

ಡಾಕ್ಟರು ತಲೆ ತಗ್ಗಿಸಿದರು. ಆಕೆ ನನ್ನ ಕಡೆ ತಿರುಗಿದಳು. "ಪೆಟಗ್ಯಾಗಿನಾಕಿ ನೀವೇ ಏನ್ರಿ?"

"ಹೌದು" ಅಂದೆ.

ನನ್ನನ್ನು ದಿಟ್ಟಿಸಿ ನೋಡಿ, "ದನಿ ಹಂಗೇ ಅದ" ಎಂದು ರೊಟ್ಟಿ ತಿರುವಿ ಹಾಕಿದಳು. ಯಾರ್ಯಾರೋ ನನ್ನನ್ನು ಬೈದಿದ್ದಾರೆ, ಮೇಲಧಿಕಾರಿಗಳು ಎಲ್ಲರೆದುರು ಅವಮಾನ ಮಾಡಿದ್ದಾರೆ. ಇಷ್ಟು ನಾಟಿದ ಮಾತು ಇನ್ನೊಂದಿಲ್ಲ.

ಆ ದಿನ ನಾವು ಹೆಚ್ಚು ಮಾತಾಡಿಸಲಿಲ್ಲ. ಆಕೆಯನ್ನು ಒಬ್ಬಳೇ ಬಿಡಬೇಡಿ ಎಂದು ತಾಯಿಗೆ ಹೇಳಿ, ಔಷಧಿ ಕೊಟ್ಟು, ನರ್ಸಮ್ಮ ಬಂದು ಹೋಗುವಂತೆ ಗೊತ್ತು ಮಾಡಿ ಬಂದೆವು. ನಸೀಮಾ ತನ್ನ ಪರೀಕ್ಷೆಯ ಓದಿನ ನಡುವೆಯೂ ಹಲವು ಸಲ ನನ್ನ ಜೊತೆ ಅಂದೋಲಾಕ್ಕೆ ಬಂದಳು. ಮೊದಮೊದಲು ಕಸ್ತೂರಿ ಅವಳೊಂದಿಗೆ ಮಾತ್ರ ಮಾತಾಡುತ್ತಿದ್ದಳು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತು ಆಕೆಯ ತಾಯಿಯೊಂದಿಗೆ ಬೆಳೆಯ ಸುದ್ದಿ ಹೇಳುತ್ತಿದ್ದೆ. ಗಂಡ ಎರಡು ಸಲ ಕರೆಯಲು ಬಂದ. ಹೋಗಲಿಲ್ಲ. ಮೂರನೆಯ ಸಲ ಬಂದಾಗ ತಾನೇ ಎದುರು ನಿಂತು ಮಾತಾಡಿ ಕಳಿಸಿದಳಂತೆ. ಏನು ಹೇಳಿದಳೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಜೇವರ್ಗಿ ಆಸ್ಪತ್ರೆಗೆ ತಾನೇ ಬಸ್ಸಿನಲ್ಲಿ ಬರತೊಡಗಿದಳು. ಬಾಗಿಲು ಹಾಕಿಕೊಂಡು ನಾವಿಬ್ಬರೇ ಕೂರುತ್ತಿದ್ದೆವು.

ಒಂದು ಸಲ ಆ ಪೆಟ್ಟಿಗೆಯ ಮಾತು ತೆಗೆದೆ. ಅದರ ಕೊನೆಯ ವಾಕ್ಯವನ್ನು ಏನು ಮಾಡಲಿ ಎಂದು ಕೇಳಿದೆ. "ಹತ್ರ ಇರ್ತದ ಗಿತ್ತದ ಅನಬ್ಯಾಡ್ರಿ" ಅಂದಳು. "ಯಾರ್ಯಾರು ನೋಡ್ತಾರ ಅಂಬೋದು ಹೇಳ್ರಿ. ಅದೂ ಮೊದಲ ಹೇಳ್ರಿ." ಹಾಗೆಯೇ ಬದಲಿಸಿದೆವು. ಪಟವಾರಿಯವರು ಆ ಮಾತನ್ನು ಆಕೆಯ ದನಿಯಲ್ಲೇ ತುಂಬಿಸೋಣ ಎಂದು ಆಸೆಪಟ್ಟರು. ಕಸ್ತೂರಿ ಒಪ್ಪಲಿಲ್ಲ. ನಾವೂ ಒತ್ತಾಯ ಮಾಡಲಿಲ್ಲ.

ಮುಂದಿನ ವರ್ಷ ಹೊಸ ವಿದ್ಯಾರ್ಥಿಗಳಿಗೆ ಯಂತ್ರದ ಪಾಠ ಜೇವರ್ಗಿಯಲ್ಲಿ ನಡೆಯಿತು. ಪಟವಾರಿಯವರು ಕಂಪ್ಯೂಟರನ್ನು ಚಾಲೂ ಮಾಡಲೇ ಇಲ್ಲ. ಹಿಂದಿನ ವರ್ಷ ತಾವು ಏನು ಮಾಡಿದರೆಂದು ನಿಂತುಕೊಂಡು ಹೇಳಿದರು. ಯಾರ ಮೇಲೂ ಹಾಕಲಿಲ್ಲ, ನೆಪ ಹುಡುಕಲಿಲ್ಲ. ಹಾಗೆ ಹೇಳಲು ಕಸ್ತೂರಿಯ ಒಪ್ಪಿಗೆ ಕೇಳಿದ್ದರು. "ಹೇಳ್ರಿ, ಹೆಸರು ಬ್ಯಾಡ" ಅಂದಿದ್ದಳು. ಕೊನೆಗೆ ಒಬ್ಬ ಕೇಳಿದ: "ಸರ್, ಆಕಿ ಯಾವೂರಾಕಿ? ಈಗ ಎಲ್ಲಿ ಅದಾಳ್ರಿ?"

"ಅದನ್ನ ಕೇಳಬಾರದು. ಪಾಠ ಮುಗೀತು, ಹೋಗ್ರಿ" ಅಂದರು ಡಾಕ್ಟರು.

ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಹೊರಬಿದ್ದರು. ವರಾಂಡ ಇಕ್ಕಟ್ಟು. ಅಲ್ಲಿಯ ಬೆಂಚಿನ ಮೇಲೆ ರೋಗಿಗಳು ಪಾಳಿ ಕಾಯುತ್ತ ಕುಳಿತಿದ್ದರು. ಮುಂದೆ ಹೋಗುತ್ತಿದ್ದ ಹುಡುಗ, ಬೆಂಚಿನ ತುದಿಯಲ್ಲಿದ್ದ ಹೆಂಗಸಿಗೆ, "ಜರಾ ಕಾಲು ತಗೀರಿ ಅಕ್ಕಾರ" ಅಂದ.

"ಹೋಗ್ರೀಪಾ, ಹೋಗ್ರಿ" ಎಂದು ಕಸ್ತೂರಿ ಕಾಲು ಮಡಚಿಕೊಂಡು ದಾರಿ ಬಿಟ್ಟಳು. ಅವರೆಲ್ಲ ಆಕೆಯ ಮುಂದೆಯೇ ಹಾದು ಹೋದರು. ಒಬ್ಬರೂ ತಿರುಗಿ ನೋಡಲಿಲ್ಲ.